ಅಳಿಯನಂತೆ ಸೋಲುತ್ತಿದ್ದ ಸವಾರ

ಶೈಲೋ ತೀರಿಹೋಗಿ ನಲವತ್ತು ದಿನವಾದರೂ ಅವನನ್ನು ಬೈಯುವ ನನ್ನ ಹಕ್ಕು ಹೋಗಿಲ್ಲ. ನಾವಿಬ್ಬರೂ ಒಂದೇ ವರ್ಷ ಹುಟ್ಟಿದವರು, ಕುರ್ದಾಶರು. ನಮ್ಮ ಬೆಟ್ಟದೂರು ನಾರಿನ್‌ನಲ್ಲಿ ಕುರ್ದಾಶನಿಗೆ ಮರ್ಯಾದೆ ಕೊಡುವುದೇ ಅವಮಾನ. ಹಾಗಾಗಿ ಹೇಳುತ್ತೇನೆ: ಅವನು ಸೋಮಾರಿ, ನನ್ನ ತಟ್ಟೆಯ ಕೊಬ್ಬಿನ ತುಂಡು ಕದಿಯುತ್ತಿದ್ದವನು. ಕಂಪ್ಯೂಟರ್ ಮುಂದೆ ಮಾತ್ರ ತಪಸ್ವಿ.

ಅವನು ಮಾಡುತ್ತಿದ್ದದ್ದು ಕೋಕ್-ಬೋರು ವಿಡಿಯೊ ಗೇಮ್. ಕುದುರೆ ಮೇಲಿಂದಲೇ ಸತ್ತ ಮೇಕೆಯನ್ನು ಕಿತ್ತುಕೊಂಡು ಎದುರಾಳಿಯ ಗುಂಡಿಗೆ ಹಾಕಬೇಕು. ಕಂಪ್ಯೂಟರ್ ನಡೆಸುವ ಸವಾರ, ಜನ ಆಡುವುದನ್ನು ನೋಡಿ ನೋಡಿ ಕಲಿಯುತ್ತಿದ್ದ.

ಆ ಸವಾರ ಬೇಕಾಗಿದ್ದುದು ಶೈಲೋಗೆ ಹೆಣ್ಣು ಕೊಟ್ಟ ಮಾವ, ಊರೆಲ್ಲ ಅತಾ, ಅಂದರೆ ಅಪ್ಪ, ಎಂದು ಕರೆಯುವ ಕೆಂಜೆಬೆಕ್‌ಗೆ. ಒಂದು ಕಾಲದ ಹೆಸರಾಂತ ಆಟಗಾರ. ಸೊಂಟ ಮುರಿದು ಕುದುರೆ ಬಿಟ್ಟಿದ್ದರು. ಪರದೆಯ ಮೇಲಾದರೂ ಆಡೋಣವೆಂದರೆ ಮಕ್ಕಳು, ಅಳಿಯಂದಿರು, ನೆರೆಯವರು ಎಲ್ಲರೂ ಬೇಕಂತಲೇ ಸೋಲುತ್ತಿದ್ದರು. ಬಿಳಿಗಡ್ಡದವರನ್ನು ಸೋಲಿಸುವುದುಂಟೆ?

"ನಾನೇನು ಸತ್ತ ಮೇಕೆನಾ, ಎಲ್ಲಾರೂ ಸೇರಿ ಎತ್ಕೊಂಡು ಓಡಾಡೋಕೆ? ಸಾಯೋದ್ರೊಳಗೆ ಒಂದ್ಸಲ ನಿಜವಾಗಿ ಸೋಲ್ಬೇಕು ಕಣೋ!" ಎಂದು ಅತಾ ಕಿರುಚಿದರು.

"ಯಂತ್ರಕ್ಕೆ ದಾಕ್ಷಿಣ್ಯ ಇಲ್ಲ ಅತಾ. ಸೋಲಿಸತ್ತೆ," ಎಂದ ಶೈಲೋ.

ಸೋಲಿಸಲಿಲ್ಲ. ಗುಂಡಿಯ ಅಂಚಿಗೆ ಬಂದ ಸವಾರ ಮೇಕೆಯನ್ನು ಕೈಜಾರಿಸಿ, ಕುದುರೆಯನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟ. ಅತಾ ಟೋಪಿ ತೆಗೆದು ನೆಲಕ್ಕೆ ಬಡಿದರು. "ಇದೂ ನನ್ನ ಅಳಿಯನೇ!"

ಸವಾರ ಕಲಿತದ್ದು ಮನೆಯವರು ಅತಾ ಎದುರು ಆಡಿದ ಆಟಗಳಿಂದ. ಅವರು ಮಾಡಿದ್ದನ್ನೇ ಮಾಡಿದ್ದ. ನಾನು ನಕ್ಕು ನಕ್ಕು ಚಹಾ ಚೆಲ್ಲಿದೆ.

"ಲೋ ಕತ್ತೆ, ಯಂತ್ರಕ್ಕೂ ಮರ್ಯಾದೆ ಕಲಿಸಿದ್ಯಲ್ಲೋ!"

"ಹಾಗಾದ್ರೆ ಮರ್ಯಾದೆ ಇಲ್ಲದವನೊಬ್ಬ ಬೇಕು," ಎಂದ ಶೈಲೋ. "ನೀನಿದ್ದೀಯಲ್ಲ, ಕೂತ್ಕೋ."

ಸವಾರ ಕಲಿತದ್ದನ್ನೆಲ್ಲ ಅಳಿಸಿಹಾಕಿ, ಆ ಚಳಿಗಾಲವಿಡೀ ನಾವಿಬ್ಬರೇ ಆಡಿದೆವು. ಗುದ್ದಾಟ, ಕಿತ್ತಾಟ, ಬೈಗುಳ. ಗೆದ್ದಾಗಲೆಲ್ಲ ಶೈಲೋ ತನ್ನ ಕುದುರೆಯ ಬಾಲವನ್ನು ನನ್ನ ಮುಖಕ್ಕೆ ತಿರುಗಿಸಿ ನಿಲ್ಲಿಸುತ್ತಿದ್ದ. ನನಗೆ ಮೈ ಉರಿಯುತ್ತಿತ್ತು. ವಸಂತ ಬಂದಾಗ ಅವನ ಹೃದಯ ನಿಂತಿತು. ಹೊಸ ಸವಾರನೊಂದಿಗೆ ಅತಾ ಇನ್ನೂ ಆಡಿಯೇ ಇರಲಿಲ್ಲ.

ನಿನ್ನೆ ನಲವತ್ತನೆಯ ದಿನದ ಊಟ. ಪ್ರಾರ್ಥನೆ ಮುಗಿದದ್ದೇ ಅತಾ ನನ್ನ ತೋಳು ಹಿಡಿದು ಒಳಕೋಣೆಗೆ ಎಳೆದೊಯ್ದರು.

"ಹಾಕು ಅದನ್ನ."

ಹಾಕಿದೆ. ಸವಾರ ನೇರ ನುಗ್ಗಿ ಬಂದು, ಅತಾರ ತೊಡೆಯಡಿಯ ಮೇಕೆಯನ್ನು ಕಿತ್ತುಕೊಂಡು, ಗುಂಡಿಗೆ ಎಸೆದ. ಆಮೇಲೆ ನಿಧಾನವಾಗಿ ಕುದುರೆ ತಿರುಗಿಸಿದ. ಪರದೆಯ ತುಂಬ ಬಾಲ.

ಅತಾ ಜೋರಾಗಿ ನಗತೊಡಗಿದರು, ಗಡ್ಡದ ಮೇಲೆ ಕಣ್ಣೀರಿಳಿಯಿತು.

"ನನ್ನ ಅಳಿಯ ಇಷ್ಟೊಂದು ಮರ್ಯಾದೆಗೆಟ್ಟವನು ಅಂತ ಬದುಕಿದ್ದಾಗ ಗೊತ್ತೇ ಆಗ್ಲಿಲ್ವಲ್ಲೋ!"

ಮಾಂಸ ಆರುತ್ತಿದೆ ಎಂದು ಹೆಂಗಸರು ಹೊರಗಿಂದ ಕೂಗಿದರು.

"ಆರ್ಲಿ ಬಿಡಿ," ಎಂದು ಅತಾ ಮತ್ತೆ ಪರದೆಯತ್ತ ವಾಲಿದರು. "ಈ ಕಳ್ಳನ್ನ ಗೆಲ್ಲದೆ ನಾನು ಏಳಲ್ಲ."

ಮಾಂಸ ಆರಿತು.