ಎದುರು ನಿಂತು ನೋಡಿದ ಮುಖ

ಕನ್ನಡಿ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ ಎಂದು ಯಾರಾದರೂ ಅಂದರೆ ನನಗೆ ಮೈ ಉರಿಯುತ್ತದೆ. ಕವಿಗಳಿಗಂತೂ ಕನ್ನಡಿ ಎಂದರೆ ಸತ್ಯ, ಆತ್ಮ, ಇನ್ನೂ ಏನೇನೋ. ಬರೆದುಕೊಳ್ಳಲಿ, ಅವರ ಗಂಟೇನು ಹೋಗುತ್ತದೆ. ನಾನು ಎಂಟನೇ ತರಗತಿಗೆ ವಿಜ್ಞಾನ ಕಲಿಸುವವಳು. ಪ್ರತಿ ವರ್ಷ ಬೆಳಕಿನ ಪಾಠ ಬಂದಾಗ ಹಲಗೆಯ ಮೇಲೆ ಎರಡು ಗೆರೆ ಎಳೆದು, ಬಿಂಬ ಹೇಗೆ ಮೂಡುತ್ತದೆಂದು ಹೇಳಿ, ಆ ಪುಟವನ್ನು ಬೇಗಬೇಗ ಮುಗಿಸಿಬಿಡುತ್ತೇನೆ. ಮಕ್ಕಳು ಪ್ರಶ್ನೆ ಕೇಳಿದರೆ ಗದರುತ್ತೇನೆ. ಪಾಪ, ಅವಕ್ಕೇನು ಗೊತ್ತು.

ನನ್ನಪ್ಪ ಕ್ಷೌರದ ಅಂಗಡಿ ಇಟ್ಟಿದ್ದ. ಎರಡು ಕುರ್ಚಿ, ಗೋಡೆಯುದ್ದಕ್ಕೂ ಒಂದೇ ಕನ್ನಡಿ. ಕನ್ನಡಿಯ ಮೂಲೆಗಳಲ್ಲಿ ರಸ ಹೋಗಿ ಕಪ್ಪು ಕಲೆಗಳಾಗಿದ್ದವು. ಅಪ್ಪ ಗಿರಾಕಿಯ ಬೆನ್ನ ಹಿಂದೆ ನಿಂತು, ಕನ್ನಡಿಯಲ್ಲಿನ ಮುಖದ ಜೊತೆ ಮಾತಾಡುತ್ತ ಕೆಲಸ ಮಾಡುತ್ತಿದ್ದ. ಮೂವತ್ತು ವರ್ಷ ಹಾಗೇ. ಇಡೀ ಬಡಾವಣೆಯ ಗಂಡಸರ ಮುಖ ಅವನಿಗೆ ಕನ್ನಡಿಯೊಳಗಿಂದ ಗೊತ್ತು. ಅದೇ ಗಿರಾಕಿ ಬೀದಿಯಲ್ಲಿ ಎದುರಾಗಿ ನಕ್ಕರೆ ಅಪ್ಪ ಕಕ್ಕಾಬಿಕ್ಕಿಯಾಗುತ್ತಿದ್ದ. "ಮದುವೆಯಾದ ಹೊಸದರಲ್ಲಿ ನನ್ನನ್ನೂ ಒಂದ್ಸಲ ಕನ್ನಡಿ ಮುಂದೆ ನಿಲ್ಲಿಸ್ಕೊಂಡು ನೋಡಿದ್ರು, ಗುರುತು ಸಿಗಲಿ ಅಂತ," ಎಂದು ಅಮ್ಮ ಬಂದವರ ಮುಂದೆಲ್ಲ ಕಾಲೆಳೆಯುತ್ತಿದ್ದಳು. ಅಪ್ಪನಿಗೂ ಆ ಮಾತು ಇಷ್ಟವೇ. ತಾನು ಅಷ್ಟು ಕೆಲಸದಲ್ಲಿ ಮುಳುಗಿದವನು ಎಂಬ ಜಂಬ.

ಅಂಗಡಿಯ ಎದುರಿಗೆ ಒಬ್ಬರು ಗಡಿಯಾರ ರಿಪೇರಿಯವರಿದ್ದರು. ಒಂದು ಮಧ್ಯಾಹ್ನ ಅಪ್ಪ ಬಾಗಿಲಲ್ಲಿ ನಿಂತು ಗಿರಾಕಿಗೆ ಹೊದಿಸಿದ್ದ ಬಟ್ಟೆ ಕೊಡವುತ್ತಿದ್ದ. ಎದುರಿನ ಅಂಗಡಿಯಿಂದ ಒಬ್ಬ ದಡಬಡನೆ ಓಡಿಬಂದು ಅಪ್ಪನಿಗೆ ಡಿಕ್ಕಿ ಹೊಡೆಯುವಷ್ಟು ಹತ್ತಿರಕ್ಕೆ ಬಂದ. ಒಂದು ಕ್ಷಣ ಮುಖಕ್ಕೆ ಮುಖ. ಒಣಕಲು ಮುಖ, ಕುರುಚಲು ಗಡ್ಡ, ಕೆನ್ನೆಯ ಮೇಲೆ ಉದ್ದನೆಯ ಹಳೇ ಗಾಯದ ಗುರುತು. ಮರುಕ್ಷಣ ಅವನು ಸಂದಿಯಲ್ಲಿ ಮಾಯವಾದ. ಗಡಿಯಾರದವರು ತಲೆಗೆ ಏಟು ತಿಂದು ಮೇಜಿನ ಕೆಳಗೆ ಬಿದ್ದಿದ್ದರು. ಮೂರನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ಪೊಲೀಸರು ಒಬ್ಬನನ್ನು ಹಿಡಿದು ತಂದರು. ಸೋಡಾ ಕಾರ್ಖಾನೆಯಲ್ಲಿ ಬಾಟಲಿ ತೊಳೆಯುವ ಹುಡುಗ, ಇಪ್ಪತ್ತನಾಲ್ಕೋ ಇಪ್ಪತ್ತೈದೋ. ವಾಚು ವಾಪಸ್ಸು ಕೊಡಲಿಲ್ಲವೆಂದು ಹಿಂದಿನ ದಿನವಷ್ಟೇ ಅವನು ಗಡಿಯಾರದವರ ಜೊತೆ ಜಗಳ ಆಡಿದ್ದ. ಒಣಕಲು ಮುಖ, ಕುರುಚಲು ಗಡ್ಡ, ಕೆನ್ನೆಯ ಮೇಲೆ ಗಾಯದ ಗುರುತು. ಗುರುತಿಸಲು ಅಪ್ಪನನ್ನು ಠಾಣೆಗೆ ಕರೆಸಿದರು.

ಅಪ್ಪ ಅವನನ್ನು ಎದುರು ನಿಂತು ನೋಡಿದ. "ಯಾಕೋ ಇವನಲ್ಲ ಅನ್ಸುತ್ತೆ ಸಾರ್. ಏನೋ ಬೇರೆ ಥರ ಕಾಣ್ತಾನೆ," ಅಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವನಿಗೆ ತನ್ನ ಕಸುಬಿನ ಮೇಲೆ ಎಲ್ಲಿಲ್ಲದ ನಂಬಿಕೆ. "ಒಂದ್ನಿಮಿಷ ಸಾರ್. ನನಗೆ ಮುಖ ಗುರುತು ಸಿಗೋದು ಕನ್ನಡೀಲಿ. ಇವನನ್ನ ಆ ಕಡೆ ತಿರುಗಿಸ್ತೀರಾ?" ಎಂದ. ಠಾಣೆಯ ಕೈ ತೊಳೆಯುವ ಬೇಸಿನ್ ಮೇಲೆ ಒಂದು ಕನ್ನಡಿ ಇತ್ತು. ಹುಡುಗನನ್ನು ಅದರ ಮುಂದೆ ನಿಲ್ಲಿಸಿದರು. ಅಪ್ಪ ಅಭ್ಯಾಸದಂತೆ ಅವನ ಬೆನ್ನ ಹಿಂದೆ ನಿಂತ, ಕನ್ನಡಿ ನೋಡಿದ. "ಇವನೇ ಸಾರ್. ನೂರಕ್ಕೆ ನೂರು."

ಹುಡುಗನಿಗೆ ಹತ್ತು ವರ್ಷ ಶಿಕ್ಷೆಯಾಯಿತು. ಕೋರ್ಟಿನ ಹೊರಗೆ ಅವನ ತಾಯಿ ಅಪ್ಪನನ್ನು ತಡೆದು, "ನನ್ನ ಮಗ ಅಲ್ಲ ಅಣ್ಣ, ಇನ್ನೊಂದ್ಸಲ ಯೋಚನೆ ಮಾಡಿ," ಎಂದು ಕೈಮುಗಿದಳು. ಅಪ್ಪ ಮೆತ್ತಗೆ, ಆದರೆ ಗಟ್ಟಿ ನಂಬಿಕೆಯಿಂದ, "ನನ್ನ ಕಣ್ಣು ಮೋಸ ಹೋಗಲ್ಲ ತಾಯಿ," ಅಂದ. ಜನ ಅಪ್ಪನನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಕನ್ನಡಿ ಮಾಮ ಎಂದು ಹೆಸರಿಟ್ಟರು. ಕ್ಷೌರಕ್ಕೆ ಬಂದವರು ಆ ಕಥೆ ಕೇಳದೆ ಏಳುತ್ತಿರಲಿಲ್ಲ. ನಾನೂ ಕಾಲೇಜಿನಲ್ಲಿ ಗೆಳತಿಯರ ಮುಂದೆ ಕೊಚ್ಚಿಕೊಂಡಿದ್ದೇನೆ, ಸುಳ್ಳೇಕೆ ಹೇಳಲಿ.

ಎಂಟನೇ ವರ್ಷ ಒಬ್ಬ ಅಪರಿಚಿತ ಗಿರಾಕಿ ಬಂದು ಕೂತ. ಕೆನ್ನೆಯ ಮೇಲೆ ಗಾಯದ ಗುರುತಿತ್ತು. ಅಪ್ಪ ಕನ್ನಡಿಯಲ್ಲಿ ಅವನ ಮುಖ ನೋಡುತ್ತಲೇ ಹವಾಮಾನದ ಬಗ್ಗೆ, ಬಸ್ಸಿನ ಬಗ್ಗೆ ಹರಟಿದ. ಏನೂ ಅನ್ನಿಸಲಿಲ್ಲ. ಗಿರಾಕಿ ಎದ್ದು, ಬಾಗಿಲಲ್ಲಿ ಬಗ್ಗಿ ಚಪ್ಪಲಿ ಮೆಟ್ಟಿ, ತಲೆಯೆತ್ತಿ ಅಪ್ಪನ ಕಡೆ ತಿರುಗಿ "ಬರ್ತೀನಿ" ಅಂದ. ಮುಖಕ್ಕೆ ಮುಖ. ಅಂದು ಓಡಿಬಂದವನು ಇವನೇ ಎಂದು ಅಪ್ಪನಿಗೆ ಹೊಳೆಯಿತು. ಕೂಗಲು ಬಾಯಿ ತೆರೆಯುವಷ್ಟರಲ್ಲಿ ಅವನು ಬೀದಿಯ ಜನರಲ್ಲಿ ಸೇರಿಹೋಗಿದ್ದ.

ಅಪ್ಪ ಅಂಗಡಿಗೆ ಬೀಗ ಹಾಕಿ ಸೀದಾ ಮನೆಗೆ ಬಂದ. ಅಮ್ಮ ತೀರಿಕೊಂಡು ಆಗ ಮೂರು ವರ್ಷವಾಗಿತ್ತು, ಮನೆಯಲ್ಲಿ ನಾವಿಬ್ಬರೇ. "ನೀನು ಕನ್ನಡಿ ಪಾಠ ಮಾಡ್ತೀಯಲ್ಲ, ನನಗೊಂದು ಹೇಳು," ಎಂದು ಎಲ್ಲ ವಿವರಿಸಿದ. ನಾನು ಕೆಂಪು ಪೆನ್ನಿನಿಂದ ನನ್ನ ಬಲಗೆನ್ನೆಯ ಮೇಲೆ ಗೆರೆ ಎಳೆದುಕೊಂಡು ಅವನೆದುರು ನಿಂತೆ. "ಗೆರೆ ನಿನ್ನ ಯಾವ ಕೈ ಕಡೆ ಕಾಣ್ತಿದೆ?" ಅಂದೆ. "ಎಡಗೈ ಕಡೆ," ಅಂದ. ಅದನ್ನು ಒರೆಸಿ ಎಡಗೆನ್ನೆಯ ಮೇಲೆ ಗೆರೆ ಎಳೆದು, ಕನ್ನಡಿಯ ಕಡೆ ತಿರುಗಿ, ಅವನನ್ನು ನನ್ನ ಹಿಂದೆ ನಿಲ್ಲಿಸಿಕೊಂಡೆ. "ಈಗ?" ಅಪ್ಪ ಕನ್ನಡಿ ನೋಡಿದ. "ಈಗಲೂ ಎಡಗೈ ಕಡೆಯೇ," ಅಂದ. ಓಡಿಬಂದವನ ಗುರುತು ಬಲಗೆನ್ನೆಯ ಮೇಲಿತ್ತು. ಬಾಟಲಿ ತೊಳೆಯುವ ಹುಡುಗನದು ಎಡಗೆನ್ನೆ. ಕೊಲೆಗಾರನನ್ನು ನೇರ ನೋಡಿ, ಬಡಪಾಯಿಯನ್ನು ಕನ್ನಡಿಯಲ್ಲಿ ನೋಡಿ, ಎರಡನ್ನೂ ಹೊಂದಿಸಿಬಿಟ್ಟಿದ್ದ ನಮ್ಮ ಕನ್ನಡಿ ಮಾಮ.

"ನಾಳೆ ಬೆಳಿಗ್ಗೆ ಸ್ಟೇಷನ್‌ಗೆ ಹೋಗ್ತೀನಿ," ಅಂದ ಅಪ್ಪ.

"ಸುಮ್ನಿರು ಅಪ್ಪ," ಅಂದೆ ನಾನು. "ಅವನು ಎಂಟು ವರ್ಷ ಕಳೆದಾಯ್ತು, ಇನ್ನೆರಡು ವರ್ಷ. ನೀನು ಹೋಗಿ ಹೇಳಿದ್ರೆ ಸುಳ್ಳು ಸಾಕ್ಷಿ ಅಂತ ನಿನ್ನನ್ನ ಒಳಗೆ ಹಾಕ್ತಾರೆ. ಈ ವಯಸ್ಸಲ್ಲಿ ಬೇಕಾ?"

ಅಪ್ಪನ ಮೇಲಿನ ಕಾಳಜಿ ಸುಳ್ಳಲ್ಲ. ಆದರೆ ಅದು ಅರ್ಧ ಮಾತು. ಆ ವರ್ಷ ಶಾಲೆಯಲ್ಲಿ ನನ್ನ ಕೆಲಸ ಕಾಯಂ ಆಗುವುದರಲ್ಲಿತ್ತು. ಸುಳ್ಳು ಸಾಕ್ಷಿಯವನ ಮಗಳು ಎಂದು ಆಡಳಿತ ಮಂಡಳಿಯವರು ಮೂಗು ಮುರಿದರೆ ಎಂಬ ಹೆದರಿಕೆ. ಅಪ್ಪ ಮೂರು ದಿನ ವಾದಿಸಿದ. ನಾನು ಅತ್ತೆ, ಊಟ ಬಿಟ್ಟೆ, ಅಮ್ಮನ ಹೆಸರೆತ್ತಿದೆ. ನಾಲ್ಕನೇ ದಿನ ಅವನು ಸ್ಟೇಷನ್‌ಗೆ ಹೋಗದೆ ಅಂಗಡಿ ತೆರೆದ. ಆಮೇಲೆ ಎರಡು ಸಲ ಆ ಹುಡುಗನ ತಾಯಿಯ ಮನೆಯ ಬಾಗಿಲವರೆಗೂ ಹೋಗಿ ವಾಪಸ್ಸು ಬಂದದ್ದು ನನಗೆ ಗೊತ್ತು. ಗೊತ್ತಿಲ್ಲದವಳ ಹಾಗೆ ಇದ್ದೆ. ನನ್ನ ಕೆಲಸ ಕಾಯಂ ಆಯಿತು.

ಹುಡುಗ ಶಿಕ್ಷೆ ಮುಗಿಸಿ ಹೊರಬಂದ. ಒಂದು ಭಾನುವಾರ ನಾನು ಅಪ್ಪನಿಗೆ ಊಟದ ಡಬ್ಬಿ ತಂದು ಅಂಗಡಿಯಲ್ಲಿದ್ದಾಗ ಒಳಗೆ ಬಂದ. ಹುಡುಗ ಎನ್ನುವ ಹಾಗೆ ಏನೂ ಉಳಿದಿರಲಿಲ್ಲ, ಕೂದಲು ಅರ್ಧ ಬೆಳ್ಳಗಾಗಿತ್ತು. ಕೂರು ಅಂದರೆ ಕೂರಲಿಲ್ಲ.

"ಜಗಳಕ್ಕೆ ಬಂದಿಲ್ಲ," ಅಂದ. "ನನ್ನ ಮೇಲೆ ನಿಮಗೇನು ದ್ವೇಷ ಇತ್ತು ಅಂತ ಕೇಳೋಣ ಅಂತ ಬಂದೆ. ಹತ್ತು ವರ್ಷದಿಂದ ಅದೊಂದೇ ಯೋಚನೆ."

"ದ್ವೇಷ ಇರಲಿಲ್ಲಪ್ಪ. ತಪ್ಪಾಯ್ತು," ಎಂದು ಅಪ್ಪ ಎಲ್ಲ ಹೇಳಿದ. ಬಲ, ಎಡ, ಬಾಗಿಲಲ್ಲಿ ತಿರುಗಿದ ಗಿರಾಕಿ, ಎಲ್ಲ.

"ಇದು ನಿಮಗೆ ಯಾವಾಗ ಗೊತ್ತಾಯ್ತು?" ಅಂದ ಅವನು.

"ಮೊನ್ನೆ ಮೊನ್ನೆ," ಅಂದೆ ನಾನು. "ಹೋದ ತಿಂಗಳು."

"ಇಲ್ಲಪ್ಪ," ಅಂದ ಅಪ್ಪ. "ಎರಡು ವರ್ಷದ ಮೇಲಾಯ್ತು."

"ಅಮ್ಮ ತೀರ್ಕೊಂಡು ಹದಿನಾಲ್ಕು ತಿಂಗಳಾಯ್ತು," ಅಂದ ಅವನು. "ನನ್ನ ಮಗ ಕೊಲೆ ಮಾಡಿಲ್ಲ ಅಂತ ಒಬ್ಬರ ಬಾಯಲ್ಲಾದ್ರೂ ಕೇಳಬೇಕು ಅಂತಿದ್ಲಂತೆ. ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ?"

ಅಪ್ಪ ನನ್ನ ಕಡೆ ನೋಡಲಿಲ್ಲ. "ಹೆದರಿದೆನಪ್ಪ. ಜೈಲಿಗೆ ಹಾಕ್ತಾರೆ ಅಂತ ನಾನೇ ಹೆದರಿದೆ," ಅಂದ.

ಅವನು ಅಪ್ಪನ ಕಾಲ ಬಳಿ ಉಗಿದು ಹೊರಟುಹೋದ. ನಾನು ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ತಡೆದದ್ದು ನಾನು ಅಂತ ಒಂದು ಮಾತು ಹೇಳಲಿಲ್ಲ.