ನಬಿಸಾಬನ ಹೊಗೆಗಡಿಗೆ

ತಕ್ಕಡಿಗೆ ಹಾಕಿದ್ದರೆ ನಬಿಸಾಬ್ ನಲವತ್ತೈದು ಕಿಲೋ ತೂಗುತ್ತಿದ್ದ. ಅದರಲ್ಲಿ ಐದು ಕಿಲೋ ಹೊಗೆಯೆಂದು ಕಳೆಯಬೇಕಿತ್ತು. ಕಣ್ಣು ಸದಾ ಕೆಂಪು, ಬಾಯಿ ಚುರುಕು, ನಡಿಗೆ ನಿಧಾನ. ಆದರೆ ಕಮಲಾಪುರದ ಕೆಂಪುಬಾಳೆಯನ್ನು ಹಣ್ಣು ಮಾಡುವುದರಲ್ಲಿ ಅವನಿಗೆ ಜೋಡಿ ಇರಲಿಲ್ಲ. ನಮ್ಮ ಬಾಳೆ ದಾಸ್ತಾನಿನ ವಖಾರಿಯ ಕೋಣೆಯಲ್ಲಿ ಗೊನೆ ಒಟ್ಟಿ, ಗಡಿಗೆಯಲ್ಲಿ ಸಗಣಿ ಕುಳ್ಳಿನ ಕೆಂಡ ಇಟ್ಟು, ಮೇಲೆ ಹಸಿ ಎಲೆ ಮುಚ್ಚಿ ಹೊಗೆ ಹಾಕುತ್ತಿದ್ದ. ಉರಿ ಏಳಕೂಡದು, ಹೊಗೆ ಆರಕೂಡದು. ಅಷ್ಟೇ ಅವನ ವಿದ್ಯೆ.

ತೊಂಬತ್ತೆಂಟರ ಮಳೆಗಾಲ. ಹೆರಿಗೆಗೆಂದು ತವರಿಗೆ ಬಂದಿದ್ದ ನನ್ನ ತಂಗಿ ಜಾನಕೀಬಾಯಿಗೆ ಮಗು ಅಡ್ಡ ನಿಂತಿತು. ಹಳ್ಳ ತುಂಬಿ ಗುಲಬರ್ಗಾ ರಸ್ತೆ ಮುಳುಗಿತ್ತು. ಹೈದರಾಬಾದಿನ ಆಸ್ಪತ್ರೆಯೊಂದು ಹಳ್ಳಿಯ ರೋಗಿಗಳನ್ನು ಒಯ್ಯುವ ಹೆಲಿಕಾಪ್ಟರನ್ನು ಆ ವಾರವೇ ಗುಲಬರ್ಗಾಕ್ಕೆ ತಂದು ಜನರಿಗೆ ತೋರಿಸುತ್ತಿತ್ತು. ನಮ್ಮ ಡಾಕ್ಟರು ಫೋನು ಮಾಡಿದರು. ಅತ್ತಲಿಂದ ಒಂದೇ ಷರತ್ತು: ಮೈದಾನದಲ್ಲಿ ಹೊಗೆ ಎಬ್ಬಿಸಿ, ಗಾಳಿ ಯಾವ ಕಡೆಗೆಂದು ಕಾಣಬೇಕು, ಕಾಣದಿದ್ದರೆ ಇಳಿಯುವುದಿಲ್ಲ.

ಊರವರು ಉಮೇದಿನಿಂದ ತೊಗರಿಕಟ್ಟಿಗೆ ಒಟ್ಟಿ ಸೀಮೆಎಣ್ಣೆ ಸುರಿದರು. ಉರಿ ಆಳೆತ್ತರ ಎದ್ದಿತು. ಕಪ್ಪು ಹೊಗೆ ಮೈದಾನವನ್ನೇ ನುಂಗಿತು. ಹೆಲಿಕಾಪ್ಟರು ಬಂದು ಒಂದು ಸುತ್ತು ಹಾಕಿ ಮತ್ತೆ ಮೇಲೇರಿತು.

ವಖಾರಿಯಿಂದ ಅದನ್ನು ನೋಡಿದ ನಬಿಸಾಬ್, ಹೊಗೆಯಾಡುವ ಗಡಿಗೆಯನ್ನೇ ಗೋಣಿಚೀಲದಲ್ಲಿ ಹಿಡಿದು ಓಡಿಬಂದ. ಅವನು ಓಡಿದ್ದು ನಾನು ಕಂಡಂತೆ ಅದೊಂದೇ ಸಲ.

“ಹೊಗಿ ಕೇಳಿದ್ರ ಹೆಣ ಸುಡೋ ಉರಿ ಹಚ್ಚೀರೇನ್ರೀ? ಆರಸ್ರಿ ಮೊದಲ!”

“ಏ ನಬಿಸಾಬ್, ಇದು ಬಾಳಿಗೊನಿ ಅಲ್ಲೋ, ವಿಮಾನ!” ಎಂದ ನಮ್ಮ ಹಮಾಲ ಬಂಡು.

“ವಿಮಾನದಾಗ ಕುಂತಾಂವಗೂ ಕಣ್ಣ ಅದಾವಪಾ. ನೀ ನೀರ ತಾ.”

ಉರಿ ಆರಿತು. ನಬಿಸಾಬ್ ಗಡಿಗೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಎಲೆಯನ್ನು ಬೆರಳಷ್ಟು ಸರಿಸಿದ. ಬಿಳಿ ಹೊಗೆ ನೂಲಿನಂತೆ ಎದ್ದು ಮೂಡಣಕ್ಕೆ ಬಾಗಿತು. ಹೆಲಿಕಾಪ್ಟರು ತಿರುಗಿ ಬಂದು ಇಳಿಯಿತು. ಅದರ ಗಾಳಿಗೆ ಗಡಿಗೆ ಉರುಳಿ ಒಡೆಯಿತು.

“ಹೋಗಲಿ ಬಿಡ್ರಿ ಸಾವ್ಕಾರ್ರ, ತಂಗೆವ್ವ ಮುಟ್ಟಿದ್ರ ಸಾಕು,” ಎಂದು ಅವನು ಒಡೆದ ಗಡಿಗೆಯ ಬೋಕಿ ಆರಿಸತೊಡಗಿದ.

ಅವಳು ಹೊತ್ತಿಗೆ ಆಸ್ಪತ್ರೆ ಮುಟ್ಟಿದಳು. ಇತ್ತ ಹೊಗೆ ತಪ್ಪಿದ ಗೊನೆಗಳು ಅರ್ಧ ಕಾಯಾಗಿಯೇ ಉಳಿದವು. ಗುಲಬರ್ಗಾದ ಸೂಪರ್ ಮಾರ್ಕೆಟ್ ಪೇಟೆಯ ಅಂಗಡಿಯವರು ನನ್ನನ್ನು ಬೈದರು; ನಾನು ರೂಢಿಯಂತೆ ನಬಿಸಾಬನನ್ನು ಬೈದೆ. ಅವನು ನಕ್ಕು ಹೊಸ ಗಡಿಗೆ ಕೇಳಿದ.

ಈಗ ಬಾಳೆ ಕಾರ್ಬೈಡ್ ಪುಡಿಯಲ್ಲಿ ಹಣ್ಣಾಗುತ್ತದೆ. ವಖಾರಿಯ ಗೋಡೆಗೆ ಮಾತ್ರ ಮಳೆ ಬಿದ್ದಾಗ ಇನ್ನೂ ಅವನ ವಾಸನೆ. ನನ್ನ ತಂಗಿ, ಅವಳ ಮಗಳು ಇಬ್ಬರೂ ಬದುಕಿರುವುದು ನಬಿಸಾಬನಿಂದ. ಅವನಿರುವಾಗ ಇದನ್ನು ನಾನು ಒಮ್ಮೆಯೂ ಅವನಿಗೆ ಹೇಳಲಿಲ್ಲ.