ಅಲ್ಲಾಡಿಸದ ಬಾಟಲಿ

ಅಪ್ಪನಿಗೆ ಚಳಿಜ್ವರ ಬಂದ ದಿನ ನಾನು ಮೊದಲು ಮಾಡಿದ ಕೆಲಸವೆಂದರೆ ಅವನ ನಡುಕದ ನಕಲು. ಕಂಪ್ಲಿಯ ಗಿರಣಿಯಲ್ಲಿ ಇಂಜಿನ್ ಕೆಟ್ಟಿದೆಯೆಂದು ಹೋಗಿ ಬಂದವನೇ ಕಂಬಳಿ ಹೊದ್ದು ಕೂತ. ಹಲ್ಲು ಕಟಕಟ. ನಾನೂ ಎದುರಿಗೆ ಕೂತು ಕಟಕಟಿಸಿದೆ. ಅವ್ವ ಬೈದಳು. ಅಪ್ಪ ನಡುಗುತ್ತಲೇ ನಕ್ಕ. ನನ್ನ ಆಟಕ್ಕೆ ತಪ್ಪದೆ ನಗುವವನು ಅವನೊಬ್ಬನೇ.

ಅಪ್ಪ ಹೊಸಪೇಟೆಯ ಅಕ್ಕಿ ಗಿರಣಿಯಲ್ಲಿ ಇಂಜಿನ್ ನೋಡಿಕೊಳ್ಳುತ್ತಾನೆ. ನೋಡಿಕೊಳ್ಳುವುದೆಂದರೆ ಕೇಳಿಸಿಕೊಳ್ಳುವುದು. ಶಬ್ದ ಸ್ವಲ್ಪ ಬದಲಾದರೆ ಸಾಕು, ಎಲ್ಲಿ ಏನು ಸಡಿಲಾಗಿದೆ ಎಂದು ಹೇಳಿಬಿಡುತ್ತಾನೆ. ಅವನ ಕಿವಿಯೇ ನಮ್ಮ ಅನ್ನ.

ಡಾಕ್ಟರು ಕ್ವಿನೈನ್ ಮಿಕ್ಸ್‌ಚರ್ ಬರೆದುಕೊಟ್ಟರು. ಔಷಧದ ಅಂಗಡಿಯ ಕಾಂಪೌಂಡರ್ ರಾಚಯ್ಯನವರ ನೇಮ ಊರಿಗೆಲ್ಲ ಗೊತ್ತು. ನಾವು ಒಯ್ದ ಬಾಟಲಿಯನ್ನು ಮೂಸುತ್ತಾರೆ, ಬಿಸಿನೀರಿನಲ್ಲಿ ತೊಳೆಯುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ. ಔಷಧಿ ತುಂಬಿ, ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಹೊರಗೆ ಅಂಟಿಸುತ್ತಾರೆ. ಒಂದು ಹಲ್ಲಿಗೆ ಒಂದು ಡೋಸ್. ಆಮೇಲೆ ಅಲ್ಲಾಡಿಸಿ ತೋರಿಸುತ್ತಾರೆ. ಬಾಟಲಿಯ ಜೊತೆ ಅವರ ತಲೆ, ಗಲ್ಲ, ಮೀಸೆ ಎಲ್ಲವೂ ಅಲ್ಲಾಡುತ್ತವೆ. ಹೇಳಿದ್ದನ್ನು ನಮ್ಮ ಬಾಯಿಂದ ತಿರುಗಿ ಹೇಳಿಸದೆ ಬಾಟಲಿ ಕೈಬಿಡುವುದಿಲ್ಲ.

“ಪುಡಿ ತಳಕ್ಕ ಕುಂದರತೈತಿ. ಪ್ರತಿ ಸಲ ಅಲ್ಲಾಡಿಸಿ ಕೊಡಬೇಕು. ಏನಂದೆ, ಹೇಳು.”

ಅವರದೇ ಮೂಗುದನಿಯಲ್ಲಿ, ಅವರದೇ ತಲೆಯಾಟದ ಸಮೇತ ಹೇಳಿದೆ. ಅಂಗಡಿಯ ಮುಂದೆ ನಿಂತವರು ನಕ್ಕರು.

“ಒಂದಕ್ಷರ ತಪ್ಪಿಲ್ಲ. ಹೋಗಲೇ ಮಂಗ್ಯಾ.”

ಅಕ್ಷರ ತಪ್ಪಿರಲಿಲ್ಲ, ನಿಜ. ಅರ್ಥ ಅಂಗಡಿಯಲ್ಲೇ ಉಳಿದಿತ್ತು.

ಔಷಧಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಕಹಿಗೆ ಅಪ್ಪ ಮುಖ ತಿರುಗಿಸುತ್ತಿದ್ದ. ಹಾಗಾಗಿ ಪ್ರತಿ ಸಲ ಮೊದಲು ರಾಚಯ್ಯನವರ ವೇಷ. ಬರಿಗೈಯಲ್ಲಿ ಇಲ್ಲದ ಬಾಟಲಿ ಹಿಡಿದು, ತಲೆ, ಗಲ್ಲ, ಇನ್ನೂ ಮೂಡದ ಮೀಸೆ ಅಲ್ಲಾಡಿಸುವುದು. ಅಪ್ಪ ನಗುವಷ್ಟರಲ್ಲಿ ಗೋಡೆಯ ಗೂಡಿನಿಂದ ನಿಜವಾದ ಬಾಟಲಿಯನ್ನು ಮೆಲ್ಲಗೆ ತೆಗೆದು, ಒಂದು ಹಲ್ಲಿನಷ್ಟು ಬಗ್ಗಿಸಿ ಕುಡಿಸುತ್ತಿದ್ದೆ.

ನಾನು ಅಲ್ಲಾಡಿದೆ. ಬಾಟಲಿ ಅಲ್ಲಾಡಲಿಲ್ಲ.

ಕೊನೆಯ ಡೋಸ್ ಗಂಜಿಯಂತೆ ಗಟ್ಟಿಯಾಗಿತ್ತು. ಔಷಧಿ ಹಾಳಾಗಬಾರದೆಂದು ನೀರು ಹಾಕಿ, ಚೆನ್ನಾಗಿ ಕುಲುಕಿ, ತಳವನ್ನೂ ಕುಡಿಸಿದೆ. ಕುಲುಕಿದ್ದು ಅದೊಂದೇ ಸಲ. ಸಂಜೆ ಅಪ್ಪ ವಾಂತಿ ಮಾಡಿಕೊಂಡ. ಕಿವಿಯೊಳಗೆ ಜೀರುಂಡೆ ಕೂಗುತ್ತಿವೆ ಎಂದ. ಬೆಳಿಗ್ಗೆ ಅವ್ವ ಕರೆದರೆ ತಿರುಗಲಿಲ್ಲ.

ಅಪ್ಪನಿಗೆ ಕೇಳಿಸುತ್ತಿರಲಿಲ್ಲ.

ಕ್ವಿನೈನ್ ಒಮ್ಮೆಗೇ ವಿಪರೀತ ಹೋಗಿದೆ ಎಂದರು ಡಾಕ್ಟರು. ಕಿವಿ ತಿರುಗಿ ಬರಬಹುದು, ಬರದೆಯೂ ಇರಬಹುದು. ಓಣಿಯವರು ಅಂಗಡಿಯ ಔಷಧಿಯನ್ನೇ ಬೈದರು. ನಾನು ಬಾಯಿ ಬಿಡಲಿಲ್ಲ. ಎಲ್ಲರ ದನಿ ತೆಗೆಯುವವನಿಗೆ ತನ್ನ ದನಿಯೇ ಸಿಗಲಿಲ್ಲ.

ಸುದ್ದಿ ಕೇಳಿ ರಾಚಯ್ಯನವರೇ ಬಂದರು. ಅಪ್ಪನ ಹಾಸಿಗೆಯ ಬಳಿ ಕೂತು, ಖಾಲಿ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೀಸೆ ಅಲ್ಲಾಡಲಿಲ್ಲ.

“ನಾನೇ ತೂಕ ತಪ್ಪಿದ್ನೇನವ್ವ?” ಎಂದು ಅವ್ವನನ್ನು ಕೇಳಿದರು.

ಆ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ. ಅಪ್ಪನಿಗೆ ಓದಲು ಬಾರದು, ಕೂಗಿದರೆ ಕೇಳದು. ನನಗೆ ಬರುವುದು ಒಂದೇ ವಿದ್ಯೆ. ಅವತ್ತು ಎಲ್ಲರೆದುರು ನನ್ನದೇ ನಕಲು ಮಾಡಿದೆ. ಬರಿಗೈ ಎತ್ತಿ ತಲೆ ಕುಣಿಸಿದೆ. ಬಾಟಲಿ ಸುಮ್ಮನೆ ಕೂತಿದ್ದ ಗೂಡನ್ನು ತೋರಿಸಿದೆ. ಮೆಲ್ಲಗೆ ಬಗ್ಗಿಸಿದೆ. ಅಪ್ಪನ ಕಿವಿ ತೋರಿಸಿ ನನ್ನ ಎದೆ ಮುಟ್ಟಿಕೊಂಡೆ.

ಅಪ್ಪ ನಗಲಿಲ್ಲ.

ರಾಚಯ್ಯನವರು ಬೈಯಲಿಲ್ಲ. “ಬಾಯಿಲೆ ಹೇಳಿಸಿದ್ರ ಸಾಲದು, ಇನ್ನ ಕೈಲೆ ಮಾಡಿಸ್ಬೇಕು,” ಎಂದಷ್ಟೇ ಹೇಳಿ ಎದ್ದರು. ಈಗ ಅಂಗಡಿಯ ಮುಂದೆ ಪಾಪಿನಾಯಕನಹಳ್ಳಿಯ ಮುದುಕಿಯರೂ ಬಾಟಲಿ ಅಲ್ಲಾಡಿಸಿ ತೋರಿಸಿಯೇ ಹೋಗಬೇಕು. ಯಾರ ದೆಸೆಯಿಂದ ಎಂದು ಎಲ್ಲರಿಗೂ ಗೊತ್ತು. ನಾನು ಆ ಬೀದಿಯಲ್ಲಿ ತಲೆ ತಗ್ಗಿಸಿ ನಡೆಯುತ್ತೇನೆ. ಯಾರನ್ನೂ ಅಣಕಿಸಲು ಮನಸ್ಸು ಬರುವುದಿಲ್ಲ.

ಜ್ವರ ಬಿಟ್ಟಿದೆ. ಶಕ್ತಿಗೆಂದು ಡಾಕ್ಟರು ಬೇರೆ ಮಿಕ್ಸ್‌ಚರ್ ಕೊಟ್ಟಿದ್ದಾರೆ. ಅಪ್ಪ ಪ್ರತಿ ಸಲ ಬಾಟಲಿಯನ್ನು ಮಾತಿಲ್ಲದೆ ನನ್ನ ಕೈಗೆ ಕೊಡುತ್ತಾನೆ. ನಾನು ಅವನ ಎದುರಿಗೆ ನಿಂತು ತೋಳು ನೋಯುವವರೆಗೆ ಅಲ್ಲಾಡಿಸುತ್ತೇನೆ. ಎಡಗಿವಿ ಇನ್ನೂ ಮಂದ. ಇಂಜಿನ್ನಿನ ಹತ್ತಿರ ಅವನು ಯಾವಾಗ ಹೋಗುತ್ತಾನೋ ತಿಳಿಯದು. ಆದರೆ ನಿನ್ನೆ ಹೀಗೆ ಅಲ್ಲಾಡಿಸುತ್ತಿದ್ದಾಗ ಅವನು ಬಲಗಿವಿಯನ್ನು ನನ್ನ ಕಡೆ ತಿರುಗಿಸಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಕೂತ.

“ಸಾಕು ಬಿಡಲೇ,” ಎಂದ. “ಕೇಳಿಸ್ತು.”